ಶ್ರೀಲಂಕಾದ ಬೆಟ್ಟಸೀಮೆ: ಯಾವ ಊರು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು

ಚಿಕ್ಕಮಗಳೂರಿನ ನಮ್ಮ ಆಲ್ದೂರು ಕಡೆ ಶ್ರೀಲಂಕಾ ಪ್ರವಾಸದ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಒಂದೇ. "ಬೆಟ್ಟ, ಮಂಜು, ಜಲಪಾತ ಎಲ್ಲ ಮನೆ ಬಾಗಿಲಲ್ಲೇ ಇದೆ, ಅದನ್ನೇ ನೋಡೋಕೆ ಅಷ್ಟು ದೂರ ಯಾಕೆ?" ಪ್ರಶ್ನೆ ಸರಿಯಾಗಿದೆ. ಊರು ಆರಿಸುವಾಗ ನಾನು ಇದನ್ನೇ ಅಳತೆಗೋಲು ಮಾಡಿಕೊಂಡೆ. ನಮ್ಮಲ್ಲಿ ಇರುವುದೇ ಅಲ್ಲೂ ಇದ್ದರೆ ಬಿಡುವುದು, ಇಲ್ಲದ್ದಕ್ಕೆ ಧಾರಾಳವಾಗಿ ದಿನ ಕೊಡುವುದು. ಹೆಬ್ಬೆ, ಕಲ್ಲತ್ತಿಗಿರಿ ನೋಡಿಕೊಂಡೇ ಬೆಳೆದವರು ಅಲ್ಲಿನ ಜಲಪಾತಗಳಿಗಾಗಿ ದಾರಿ ಬಳಸಬೇಕಿಲ್ಲ.

ಊರಿಗಿಂತ ಮೊದಲು ತಿಂಗಳು ಗೊತ್ತುಮಾಡಿ. ಆ ದ್ವೀಪಕ್ಕೆ ಎರಡು ಮಳೆಗಾಲ. ನಡುವಿನ ಬೆಟ್ಟಸಾಲು ಎರಡನ್ನೂ ತಡೆಯುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಹ್ಯಾಟನ್, ನುವರ ಎಲಿಯ ಕಡೆ ಮಳೆ. ಆಗ ಪೂರ್ವದ ಊವ ಸೀಮೆಯಲ್ಲಿ, ಅಂದರೆ ಹಪುತಳೆ ಕಡೆ, ಒಣಹವೆ. ಕೊಪ್ಪದಲ್ಲಿ ಜಡಿಮಳೆ ಹೊಡೆಯುವಾಗ ಕಡೂರಿನಲ್ಲಿ ಬಿಸಿಲು ಇರುತ್ತದಲ್ಲ, ಹಾಗೇ. ಅಕ್ಟೋಬರ್, ನವೆಂಬರ್‌ನಲ್ಲಿ ಎಲ್ಲ ಕಡೆಯೂ ಮಳೆ. ಹಾಗಾಗಿ ದಸರಾ ರಜೆ ಇದಕ್ಕೆ ಆಗುವುದಿಲ್ಲ. ಎರಡೂ ಬದಿ ಚೆನ್ನಾಗಿರುವುದು ಫೆಬ್ರವರಿ, ಮಾರ್ಚ್. ಅರೇಬಿಕಾ ಕಾಫಿ ಬೆಳೆಯುವ ನಮಗೆ ಇದು ಸರಿಹೊಂದುತ್ತದೆ. ಕೊಯ್ಲು ಮುಗಿದಿರುತ್ತದೆ, ಕಣದಲ್ಲಿ ಒಣಗಿಸಿದ್ದೂ ಮೂಟೆಯಾಗಿರುತ್ತದೆ, ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಕಾಯುವುದಷ್ಟೇ ಉಳಿದಿರುತ್ತದೆ. ರೋಬಸ್ಟಾದವರಿಗೆ ಆಗ ಪುರುಸೊತ್ತಿಲ್ಲ, ಕೊಯ್ಲು ಮುಗಿಯುತ್ತಲೇ ಸ್ಪ್ರಿಂಕ್ಲರ್ ಕೆಲಸ. ಅವರು ಜುಲೈ, ಆಗಸ್ಟ್‌ನಲ್ಲಿ ಬಿಡುವು ಮಾಡಿಕೊಂಡು ಊವ ಸೀಮೆ ಮಾತ್ರ ನೋಡಿ ಬರಲಿ. ಏಪ್ರಿಲ್ ನಡುವೆ ಸಿಂಹಳ, ತಮಿಳು ಹೊಸವರ್ಷ ಬರುತ್ತದೆ. ಆಗ ನುವರ ಎಲಿಯದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ಬಾಡಿಗೆಯೂ ಜಾಸ್ತಿ.

ಇನ್ನು ನಮ್ಮಲ್ಲಿ ಇಲ್ಲದ್ದು ಏನು? ನನ್ನ ಲೆಕ್ಕದಲ್ಲಿ ಮೊದಲನೆಯದು ರೈಲು. ನಮ್ಮ ಗಿರಿಗಳ ಮೇಲೆ ರೈಲು ಇಲ್ಲ. ಅಲ್ಲಿ ಹಳಿ ಟೀ ತೋಟದ ನಡುವೆಯೇ ಹತ್ತಿಕೊಂಡು ಹೋಗುತ್ತದೆ. ಕ್ಯಾಂಡಿಯಿಂದ ಎಲ್ಲಾ ಎಂಬ ಊರಿನವರೆಗೆ ಆರೇಳು ಗಂಟೆ. ವಯಸ್ಸಾದವರು ಜೊತೆಗಿದ್ದರೆ ಅಷ್ಟು ಹೊತ್ತು ಕೂರಿಸಬೇಡಿ, ‘ನಾನು ಓಯ’ ಎಂಬ ನಿಲ್ದಾಣದಿಂದ ಹಪುತಳೆಯವರೆಗೆ ಸಾಕು. ಸೊಗಸೆಲ್ಲ ಅಲ್ಲೇ ಇರುವುದು. ಪಟ್ಟಿಪೊಳ ಆ ದೇಶದ ಅತಿ ಎತ್ತರದ ನಿಲ್ದಾಣ, 1,891 ಮೀಟರ್. ಅದಾದ ಮೇಲೆ ಒಂದು ಸುರಂಗ ಬರುತ್ತದೆ. ಅದರ ಈಚೆ ಮಂಜು ಮುಸುಕಿದ್ದು, ಆಚೆ ಬಿಸಿಲು ಬಿದ್ದಿರುವುದೂ ಉಂಟು. ಇದಲ್ಗಶಿನ್ನದಲ್ಲಂತೂ ನಿಲ್ದಾಣ ಇರುವುದೇ ಬೆಟ್ಟದ ಏಣಿನ ಮೇಲೆ, ಎರಡೂ ಬದಿಗೆ ಕಣಿವೆ. ನಮ್ಮತ್ತೆ ಆ ನಿಲ್ದಾಣ ದಾಟುವವರೆಗೆ ಕಿಟಕಿ ಬಿಟ್ಟು ಕದಲಲಿಲ್ಲ. ಸೀಟು ಒಂದು ತಿಂಗಳು ಮೊದಲೇ ಕಾಯ್ದಿರಿಸಿ, ಬೇಗ ಮುಗಿದುಹೋಗುತ್ತದೆ. ದೊಡ್ಡ ಮಳೆಯಾದ ವರ್ಷ ಮಣ್ಣು ಕುಸಿದು ಹಳಿ ಬಂದ್ ಆಗುವುದುಂಟು. ಟಿಕೆಟ್ ತೆಗೆಯುವ ಮೊದಲು ರೈಲು ಎಲ್ಲಿಯವರೆಗೆ ಓಡುತ್ತಿದೆ ಎಂದು ವಿಚಾರಿಸಿಕೊಳ್ಳಿ.

ಎರಡನೆಯದು ಟೀ ತೋಟ, ಅದನ್ನು ಕಾಫಿಯವರು ತಪ್ಪಿಸಲೇಬಾರದು. ಈಗ ಟೀ ಕಾಣುವ ಆ ಇಳಿಜಾರುಗಳಲ್ಲಿ ಹಿಂದೆ ಇದ್ದದ್ದು ಕಾಫಿ. 1869ರಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಅದನ್ನು ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಆಗಿನ್ನೂ ಬಂದಿರಲಿಲ್ಲ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ತೋಟಕ್ಕೆ ತೋಟವೇ ಹೋಯಿತು. ಅದಕ್ಕೆ ಸ್ವಲ್ಪ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಎಂಬಾತ ಕ್ಯಾಂಡಿ ಹತ್ತಿರದ ಲೂಲ್‌ಕಂದುರದಲ್ಲಿ ಟೀ ಹಾಕಿದ್ದ. ಎಲ್ಲರೂ ಅದನ್ನೇ ಹಿಡಿದರು. ಮುಂಗಾರಿಗೆ ಮೊದಲು ಗಿಡಗಿಡಕ್ಕೂ ಬೋರ್ಡೋ ಹೊಡೆಸುವ ನಮಗೆ ಆ ಬೆಟ್ಟಗಳನ್ನು ನೋಡುತ್ತಾ ಎದೆ ಭಾರವಾಗುತ್ತದೆ. ಅಲ್ಲಿಯೂ ತೋಟದ ಕೆಲಸದವರ ಲೈನ್ ಮನೆಗಳಿವೆ, ಅವರು ತಮಿಳು ಮಾತಾಡುತ್ತಾರೆ. ನಿಮಗೆ ತೋಟದ ತಮಿಳು ನಾಲ್ಕು ಮಾತು ಬಂದರೂ ಸಾಕು, ಜನ ನಗುನಗುತ್ತಾ ಮಾತಿಗೆ ನಿಲ್ಲುತ್ತಾರೆ. ಒಂದೇ ಒಂದು ಟೀ ಫ್ಯಾಕ್ಟರಿ ನಿಧಾನವಾಗಿ ನೋಡಿ. ಹಪುತಳೆ ಹತ್ತಿರದ ದಂಬತೆನ್ನ ಒಳ್ಳೆಯದು, ಟೀ ವ್ಯಾಪಾರಿ ಥಾಮಸ್ ಲಿಪ್ಟನ್ 1890ರಲ್ಲಿ ಕಟ್ಟಿಸಿದ್ದು. ಅಲ್ಲಿಂದ ತೋಟದೊಳಗೇ ಏಳು ಕಿಲೋಮೀಟರ್ ಮೇಲೆ ಹೋದರೆ ಲಿಪ್ಟನ್ ಸೀಟ್ ಎಂಬ ನೋಟದ ಜಾಗ. ನಸುಕಿನಲ್ಲೇ ಆಟೋದಲ್ಲಿ ಮೇಲೆ ಹೋಗಿ, ಇಳಿಯುವಾಗ ನಡೆಯಿರಿ.

ಹಾರ್ಟನ್ ಪ್ಲೇನ್ಸ್ ಬಗ್ಗೆ ನನಗೆ ಅನುಮಾನ ಇತ್ತು. ಎರಡು ಸಾವಿರ ಮೀಟರ್ ಮೇಲಿನ ಹುಲ್ಲುಗಾವಲು, ಅಲ್ಲಲ್ಲಿ ಶೋಲಾ ಕಾಡು, ಕಡವೆ. ಕುದುರೆಮುಖದಲ್ಲೂ ಅದೇ ತಾನೇ? ಆದರೆ ಅಲ್ಲಿ ವರ್ಲ್ಡ್ಸ್ ಎಂಡ್ ಇದೆ. ನೆಲ ಒಮ್ಮೆಲೇ ಮುಗಿದು ಸುಮಾರು 870 ಮೀಟರ್ ಕೆಳಗಿಳಿಯುತ್ತದೆ. ಅದಕ್ಕಾಗಿ ಈ ಜಾಗ ಇಟ್ಟುಕೊಳ್ಳಿ. ಒಂಬತ್ತು ಗಂಟೆಯ ಹೊತ್ತಿಗೆ ಮಂಜು ಮೇಲೇರಿದರೆ ಏನೂ ಕಾಣುವುದಿಲ್ಲ. ನುವರ ಎಲಿಯದಿಂದ ಬೆಳಗ್ಗೆ ಐದಕ್ಕೇ ಹೊರಡಿ. ಸುತ್ತು ಒಂಬತ್ತು ಕಿಲೋಮೀಟರ್, ಏರು ಜಾಸ್ತಿ ಇಲ್ಲ. ಪಾಸ್‌ಪೋರ್ಟ್ ಕೈಯಲ್ಲಿರಲಿ, ಟಿಕೆಟ್ ಕೌಂಟರಿನಲ್ಲಿ ಸಾರ್ಕ್ ದೇಶದವರ ದರ ಕೇಳಿ.

ಉಳಿಯಲು ‘ಎಲ್ಲಾ’ ಊರು ಬೇಡ, ಹಪುತಳೆ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಎಲ್ಲಾದಲ್ಲಿ ಕೆಫೆಗಳ ಗದ್ದಲ. ಹಪುತಳೆಯಲ್ಲಿ ಈಗಲೂ ಸಂತೆಪೇಟೆಯ ಊರಿನ ಕಳೆ ಇದೆ, ಮನೆಯೂಟ ಹಾಕುವ ಗೆಸ್ಟ್ ಹೌಸ್‌ಗಳಿವೆ. ಎಲ್ಲಾದ ಒಂಬತ್ತು ಕಮಾನಿನ ಸೇತುವೆಯನ್ನು ಬೆಳಗ್ಗೆ ರೈಲಿನಲ್ಲಿ ಹೋಗಿ ನೋಡಿ ಸಂಜೆ ಮರಳಬಹುದು. 1921ರಲ್ಲಿ ಮುಗಿದ ಸೇತುವೆ, ಕಬ್ಬಿಣ ಬಳಸದೆ ಕಲ್ಲು, ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿದ್ದು.

ಕ್ಯಾಂಡಿಗೆ ಒಂದು ರಾತ್ರಿ, ಬುದ್ಧನ ದಂತ ದೇವಾಲಯ ಮತ್ತು ಪೆರಾದೆನಿಯದ ಸಸ್ಯೋದ್ಯಾನಕ್ಕೆ. ಹಿರಿಯರಿದ್ದರೆ ನುವರ ಎಲಿಯ ಪಕ್ಕದ ಸೀತಾ ಎಲಿಯದ ಸೀತಮ್ಮನ ಗುಡಿ ಬಿಡಬೇಡಿ. ಮಂಡಿ ಗಟ್ಟಿಯಿದ್ದು, ಡಿಸೆಂಬರ್‌ನಿಂದ ಮೇ ಹುಣ್ಣಿಮೆಯೊಳಗೆ ಹೋಗುವವರು ಯಾತ್ರೆಯ ಬೆಟ್ಟ ಶ್ರೀಪಾದ ಸೇರಿಸಿಕೊಳ್ಳಿ. 2,243 ಮೀಟರ್, ಸಾವಿರಾರು ಮೆಟ್ಟಿಲು, ರಾತ್ರಿಯೇ ಹತ್ತಬೇಕು. ಅದಕ್ಕಾಗಿ ಹ್ಯಾಟನ್ ಕಡೆ ಬೇರೆಯೇ ಒಂದು ದಿನ ಇಡಿ, ಹಾರ್ಟನ್ ಪ್ಲೇನ್ಸ್ ಮರುದಿನ ಬೇಡ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ. ವಾಪಸ್ ಬರುವಾಗ ಹಪುತಳೆಯಿಂದ ಅದೇ ದಿನ ವಿಮಾನ ಹಿಡಿಯುವ ಯೋಚನೆ ಮಾಡಬೇಡಿ. ಘಾಟಿ ಇಳಿಯಲು ಹೊತ್ತು ಹಿಡಿಯುತ್ತದೆ. ವಿಮಾನ ನಿಲ್ದಾಣದ ಪಕ್ಕದ ನೆಗೊಂಬೊದಲ್ಲಿ ಕೊನೆಯ ರಾತ್ರಿ ಉಳಿಯಿರಿ.