ಎರಡು ಸುಗ್ಗಿಯ ರೊಕ್ಕ

2022ರ ಜನವರಿ 1 ಶನಿವಾರವಾಗಿತ್ತು. ಶನಿವಾರ ನಮ್ಮ ಬಟವಾಡೆ ದಿನ. ಅವತ್ತು ರಾತ್ರಿ ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಖಾಲಿ ಹಾಳೆಗಳಿಗೆ ಗೆರೆ ಎಳೆದು ಕೂತೆ. ಎಡಕ್ಕೆ ತಾರೀಖು, ನಡುವೆ ಆ ವಾರ ಕೈಗೆ ಬಂದ ಕೂಲಿ, ಬಲಕ್ಕೆ ಅದು ಯಾರ ಕೈಗೆ ಹೋಯಿತು ಅನ್ನೋದು. ಆ ವರ್ಷ ಒಟ್ಟು 53 ಶನಿವಾರ ಬಂದವು. ಒಂದನ್ನೂ ಬಿಡದೆ ಬರೆದೆ.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ. ನಮ್ಮದು ಹನ್ನೆರಡು ಜನರ ಗುಂಪು. ಭತ್ತದ ಚೀಲ ಅಂದರೆ ನಮ್ಮ ಕಡೆ 75 ಕಿಲೋ. ಲಾರಿಯಿಂದ ಎಷ್ಟು ಇಳಿಸಿದೆವೋ, ಅಕ್ಕಿಯ ಪ್ಯಾಕೆಟ್ಟು ಎಷ್ಟು ಏರಿಸಿದೆವೋ ಅಷ್ಟಕ್ಕೆ ಲೆಕ್ಕ. ಬಂದದ್ದರಲ್ಲಿ ಎಲ್ಲರಿಗೂ ಸಮಪಾಲು. ಚೀಲ ಬಂದರೆ ಕೂಲಿ, ಬರದಿದ್ದರೆ ಇಲ್ಲ. ಅಷ್ಟೇ.

ಲೆಕ್ಕ ಬರೆಯುವುದಕ್ಕೂ ಮೊದಲು ಹತ್ತು ವರ್ಷ ನಾನು ಉಳಿಸಲು ಮಾಡದ ಪ್ರಯತ್ನವಿಲ್ಲ. ಚೀಟಿ ಹಾಕಿದೆ, ಕಷ್ಟಕ್ಕೆಂದು ಮೂರನೇ ತಿಂಗಳೇ ಸವಾಲು ಕೂಗಿ ಎತ್ತಿಕೊಂಡು ಸಾವಿರಾರು ರೂಪಾಯಿ ಬಿಟ್ಟುಕೊಟ್ಟೆ. ಪಿಗ್ಮಿ ಕಟ್ಟಿದೆ, ಹಬ್ಬಕ್ಕೆ ಮುರಿದೆ. ಮಾತೆತ್ತಿದರೆ ಹಿರಿಯರು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನುತ್ತಿದ್ದರು. ಮಾತು ಸರಿಯೇ. ಆದರೆ ನಮ್ಮ ಹಾಸಿಗೆ ಡಿಸೆಂಬರಿನಲ್ಲಿ ಉದ್ದ, ಆಗಸ್ಟಿನಲ್ಲಿ ಮೊಣಕಾಲಿಗೂ ಸಾಲದು. ಎಷ್ಟು ಉದ್ದ, ಎಷ್ಟು ಗಿಡ್ಡ ಅಂತ ಅಳೆದು ನೋಡಿರಲಿಲ್ಲ. ನೋಟ್‌ಬುಕ್ಕು ಹಿಡಿದದ್ದು ಅದಕ್ಕೆ.

ಡಿಸೆಂಬರ್ 31ರ ರಾತ್ರಿ ಕೂಡಿಸಿದಾಗ 1,71,800 ರೂಪಾಯಿ ಬಂತು. ಹನ್ನೆರಡಕ್ಕೆ ಭಾಗಿಸಿದರೆ ತಿಂಗಳಿಗೆ 14,300. ಆದರೆ ಆ 14,300 ಯಾವ ತಿಂಗಳೂ ನನ್ನ ಕೈಗೆ ಬಂದದ್ದಲ್ಲ. ಇಪ್ಪತ್ತು ವಾರ ಸರಾಸರಿ 5,200ರಂತೆ ಬಂದಿತ್ತು. ಇಪ್ಪತ್ತೊಂದು ವಾರ 2,600ರ ಆಸುಪಾಸು. ಉಳಿದ ಹನ್ನೆರಡು ವಾರ ಸರಾಸರಿ ಸಾವಿರದ ನೂರು. ಅವುಗಳಲ್ಲಿ ಎರಡು ವಾರದ ಎದುರಿಗೆ ಸೊನ್ನೆ ಇತ್ತು.

ಆ ಇಪ್ಪತ್ತು ವಾರ ಯಾವುವು ಅಂತ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಿಗೆ ಹೇಳಬೇಕಾಗಿಲ್ಲ. ಜುಲೈ ಹೊತ್ತಿಗೆ ನೀರು ಬಿಟ್ಟರೆ ನವೆಂಬರ್, ಡಿಸೆಂಬರಿಗೆ ಮುಂಗಾರಿ ಭತ್ತ. ಮತ್ತೆ ನೀರು ಸಿಕ್ಕರೆ ಏಪ್ರಿಲ್, ಮೇನಲ್ಲಿ ಬೇಸಿಗೆ ಭತ್ತ. ಆ ಎರಡು ಸುಗ್ಗಿಯಲ್ಲಿ ಮಿಲ್ಲಿನ ಮುಂದೆ ಲಾರಿ, ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಊಟಕ್ಕೂ ಬಿಡುವಿರುವುದಿಲ್ಲ. ಆಮೇಲೆ ಗೋದಾಮಿನ ದಾಸ್ತಾನು ಇರುವ ತನಕ ಅರೆಬರೆ ಕೆಲಸ. ಅದೂ ಮುಗಿದರೆ ಗೇಟಿನ ಬಳಿ ಕೂತು ಎದ್ದು ಬರುವುದೇ ಕೆಲಸ.

ನೋಟ್‌ಬುಕ್ಕಿನ ಬಲಬದಿ ನೋಡಿದಾಗ ಮಾತ್ರ ನನಗೆ ಎದೆ ಧಸಕ್ಕೆಂದಿತು. ನಾನು ದುಡ್ಡು ಹಾಳು ಮಾಡುವವನಲ್ಲ, ಕುಡಿಯುವವನೂ ಅಲ್ಲ. ಆದರೂ ಸುಗ್ಗಿಯ 5,200ರಲ್ಲಿ ಅರ್ಧಕ್ಕರ್ಧ ಬಿಡುವಿನ ವಾರಗಳಲ್ಲಿ ಮಾಡಿದ ಸಾಲಕ್ಕೆ ಹೋಗುತ್ತಿತ್ತು. ಕಿರಾಣಿ ಅಂಗಡಿಯ ಉದ್ರಿ, ಮೇಸ್ತ್ರಿಯಿಂದ ಹಬ್ಬಕ್ಕೆ ತಗೊಂಡ ಮುಂಗಡ, 2021ರಲ್ಲಿ ಅವ್ವನ ಆಪರೇಷನ್ನಿಗೆ ತಂದಿದ್ದ 40,000 ರೂಪಾಯಿಯ ಬಡ್ಡಿ. ನೂರಕ್ಕೆ ಮೂರರಂತೆ ತಿಂಗಳಿಗೆ 1,200. ವರ್ಷಕ್ಕೆ 14,400 ಬಡ್ಡಿ ಒಂದಕ್ಕೇ!

ಇದೇ ಹೊತ್ತಿಗೆ ನಾನು ದಿನಕ್ಕೆ 50 ರೂಪಾಯಿ ಪಿಗ್ಮಿಯನ್ನೂ ಕಟ್ಟುತ್ತಿದ್ದೆ. ಪಿಗ್ಮಿ ಅನ್ನೋದು ನಮ್ಮ ಕರ್ನಾಟಕದಲ್ಲೇ ಹುಟ್ಟಿದ್ದು, 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಬಡವರ ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳಲು ಶುರು ಮಾಡಿದ ಪದ್ಧತಿ. ಅದರ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ ನನ್ನ ಪಿಗ್ಮಿಯಲ್ಲಿ ವರ್ಷಕ್ಕೆ 15,000 ಕೂಡಿತ್ತು, ಅದಕ್ಕೆ ಬಡ್ಡಿ ಬಂದದ್ದು ಕೆಲವು ನೂರು. ಅತ್ತ 40,000ಕ್ಕೆ ನಾನು ಕೊಟ್ಟ ಬಡ್ಡಿ 14,400. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರೆ, ಆ ಹಳ್ಳದ ಒಡ್ಡು ಒಡೆದಿದ್ದರೆ ಹನಿ ಕೂಡಿಸಿ ಏನು ಬಂತು? ಇದನ್ನು ಅರ್ಥ ಮಾಡಿಕೊಳ್ಳಲು ನನಗೆ 36 ವರ್ಷ ವಯಸ್ಸಾಗಬೇಕಾಯಿತು.

ಹಾಗಾಗಿ ನಾನು ಮಾಡಿದ ಮೊದಲ ಕೆಲಸ ಉಳಿತಾಯವನ್ನು ಮುರಿದದ್ದು. ಪಿಗ್ಮಿ ತೆಗೆದು 15,000ವನ್ನೂ ಸಾಲದ ಅಸಲಿಗೆ ಕೊಟ್ಟೆ. ಪಾಸ್‌ಬುಕ್ಕು ಖಾಲಿಯಾದ ದಿನ ಹೆಂಡತಿ ಮಾತಾಡಲಿಲ್ಲ. ಆದರೆ ಮರುತಿಂಗಳಿಂದ ಬಡ್ಡಿ 1,200 ಇದ್ದದ್ದು 750ಕ್ಕೆ ಇಳಿಯಿತು. ಉಳಿದ 25,000 ತೀರಿಸಲು 2024ರ ನವೆಂಬರ್ ತನಕ ಹಿಡಿಯಿತು. ನಡುವೆ 2023ರಲ್ಲಿ ಮಳೆ ಕೈಕೊಟ್ಟು ಡ್ಯಾಂ ತುಂಬಲಿಲ್ಲ, 2024ರ ಬೇಸಿಗೆ ಸುಗ್ಗಿಯೇ ಇರಲಿಲ್ಲ. ಇಲ್ಲದಿದ್ದರೆ ಇನ್ನೂ ಬೇಗ ತೀರುತ್ತಿತ್ತು.

ಎರಡನೆಯದು ಉದ್ರಿ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕೂಲಿಯವರ ಉಳಿತಾಯ ಇಲ್ಲಿಂದಲೇ ಶುರುವಾಗಬೇಕು ಅಂತ ನನ್ನ ಖಚಿತ ಅಭಿಪ್ರಾಯ.

ನಮ್ಮ ಓಣಿಯ ಅಂಗಡಿಯವರು ಒಳ್ಳೆಯವರು. ಒಮ್ಮೆಯೂ ಬಾಗಿಲಿಗೆ ಬಂದು ಕೇಳಿದವರಲ್ಲ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಖಾತೆ ಪುಸ್ತಕದಲ್ಲಿ ನಮ್ಮ ಮನೆಗೊಂದು ಹಾಳೆ. ಅದರಲ್ಲಿ ಯಾವತ್ತೂ ಐದಾರು ಸಾವಿರ ಬಾಕಿ ನಿಂತಿರುತ್ತಿತ್ತು. ಶನಿವಾರ ಎರಡು ಸಾವಿರ ಕೊಟ್ಟರೆ ಮುಂದಿನ ಶನಿವಾರದೊಳಗೆ ಮತ್ತೆ ಎರಡು ಸಾವಿರದ ಸಾಮಾನು ಬರೆದಿರುತ್ತಿತ್ತು. ಒಂದು ಭಾನುವಾರ ನಾನು ಸಂತೆಗೆ ಹೋಗಿ ಬೇಳೆ, ಸಕ್ಕರೆ, ಜೋಳ, ಶೇಂಗಾದ ರೇಟು ಕೇಳಿಕೊಂಡು ಬಂದು ಖಾತೆಯ ರೇಟಿನ ಪಕ್ಕ ಬರೆದೆ. ಬೇಳೆಗೆ ಕಿಲೋಕ್ಕೆ 12ರಿಂದ 15 ರೂಪಾಯಿ ವ್ಯತ್ಯಾಸ. ಒಟ್ಟು ಕೂಡಿಸಿದರೆ ತಿಂಗಳಿಗೆ 600ರ ಹತ್ತಿರ. ಅಂಗಡಿಯವರದು ತಪ್ಪಲ್ಲ, ಅವರ ರೊಕ್ಕವೂ ತಿಂಗಳುಗಟ್ಟಲೆ ನಮ್ಮಂಥವರ ಮನೆಯಲ್ಲಿ ಕೂತಿರುತ್ತದಲ್ಲ. ಆದರೆ ಆ 600 ಕೊಡುತ್ತಿದ್ದವನು ನಾನು. ಬಾಕಿ ಇದ್ದವನು ಜೋಳದಲ್ಲಿ ಹುಳ ಇದ್ದರೂ ಮಾತಾಡುವಂತಿಲ್ಲ, ಬೇರೆ ಅಂಗಡಿ ಮೆಟ್ಟಿಲು ಹತ್ತುವಂತೆಯೂ ಇಲ್ಲ.

2023ರ ಬೇಸಿಗೆ ಸುಗ್ಗಿಯಲ್ಲಿ ಬಾಕಿ 5,400ನ್ನೂ ಒಮ್ಮೆಗೇ ಚುಕ್ತಾ ಮಾಡಿ, ಮುಂದಿನ ಒಂದು ತಿಂಗಳ ಸಾಮಾನನ್ನು ಕೈಯಲ್ಲಿ ರೊಕ್ಕ ಹಿಡಿದು ಸಂತೆಯಿಂದ ತರೋಣ ಅಂದೆ. ಅದಕ್ಕೆ 4,500 ಬೇಕಿತ್ತು. ಹೆಂಡತಿ ಒಪ್ಪಲಿಲ್ಲ.

“ರೀ, ಉದ್ರಿ ಬಿಟ್ಟಬಿಟ್ರ ನಾಳೆ ಕೈಯಾಗ ಏನೂ ಇಲ್ದಾಗ ಯಾರ ಬಾಗ್ಲಿಗೆ ಹೋಗೂನು? ಅವ್ವಗ ಆರಾಮ ಇಲ್ದಾಗ ಎರಡು ತಿಂಗಳು ನಮಗ ಅನ್ನ ಹಾಕಿದ್ದು ಆ ಅಂಗಡೀನ.”

ಅವಳು ಹೇಳಿದ್ದು ನಿಜ. ನಮಗೆ ಪಿಎಫ್ ಇಲ್ಲ, ಸಂಬಳದ ರಜೆ ಇಲ್ಲ. ಆ ಖಾತೆ ಪುಸ್ತಕವೇ ನಮ್ಮ ವಿಮೆ. ಅದಕ್ಕೆ ಒಂದು ದಾರಿ ಕಂಡುಕೊಂಡೆವು. ದೊಡ್ಡ ಸಾಮಾನು ಸಂತೆಯಿಂದ, ಎಣ್ಣೆ ಪ್ಯಾಕೆಟ್ಟು, ಸೋಪು, ಚಹಾಪುಡಿ ಅದೇ ಅಂಗಡಿಯಿಂದ, ಆದರೆ ನಗದು ಕೊಟ್ಟು. ಸಂಬಂಧ ಉಳಿಯಿತು, ಬಾಕಿ ಹೋಯಿತು. ಎರಡು ಸಲ ತೀರಾ ಕಷ್ಟಕ್ಕೆ ಮತ್ತೆ ಬರೆಸಿದ್ದೇವೆ, ಅವರು ಇಲ್ಲ ಅನ್ನಲಿಲ್ಲ. ಆ ಸುಗ್ಗಿಯ ಹತ್ತು ಸಾವಿರ ಯಾವ ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲ. ಆದರೆ ಅದು ನನ್ನ ಜೀವನದ ಮೊದಲ ನಿಜವಾದ ಉಳಿತಾಯ.

ಶನಿವಾರ ಸಂಜೆಯನ್ನೂ ಬದಲಿಸಬೇಕಾಯಿತು. ಮೇಸ್ತ್ರಿ ತೂಕದ ಕಾಟಾದ ಕಟ್ಟೆಯ ಮೇಲೆ ಕೂತು ನೋಟು ಎಣಿಸಿ ಕೊಡುತ್ತಾನೆ. ಗೇಟು ದಾಟುವಷ್ಟರಲ್ಲಿ ಕೈಗಡ ಕೇಳುವವರು ಇಬ್ಬರು, ಚಹಾದ ಅಂಗಡಿಯ ಲೆಕ್ಕ ಒಂದು. ಮನೆ ಮುಟ್ಟುವಷ್ಟರಲ್ಲಿ ನಾಲ್ಕು ನೂರು ಕಮ್ಮಿಯಾಗಿರುತ್ತಿತ್ತು. ಪಿಗ್ಮಿ ಮತ್ತೆ ಶುರು ಮಾಡಿದೆ, ಆದರೆ ಏಜೆಂಟ್ ಅಣ್ಣನಿಗೆ ದಿನಾ ಬರುವುದು ಬೇಡ, ಶನಿವಾರ ಐದೂವರೆಗೆ ಗೇಟಿಗೇ ಬಾ ಅಂದೆ. ಸುಗ್ಗಿಯಲ್ಲಿ 700, ಅರೆಗೆಲಸದ ವಾರ 100, ಕೆಲಸ ಇಲ್ಲದ ವಾರ ಏನೂ ಇಲ್ಲ. ಇದು ಬಿಡುವಿನ ವಾರಗಳಲ್ಲಿ ತಿನ್ನಲಿಕ್ಕೆಂದೇ ಇಟ್ಟ ಗಂಟು. ಆಗಸ್ಟಿನಲ್ಲಿ ಅದನ್ನು ತೆಗೆದು ತಿಂದರೆ ಉಳಿತಾಯ ಮುರಿಯಿತು ಅಂತ ನಾನು ಈಗ ಕೊರಗುವುದಿಲ್ಲ. ಅದು ಇರುವುದೇ ಅದಕ್ಕೆ. ಅದು ಇದ್ದರೆ ಇನ್ನೊಂದು ಗಂಟಿಗೆ ಕೈ ಹೋಗುವುದಿಲ್ಲ. ಹಿಂದೆಲ್ಲ ಒಂದೇ ಗಂಟು ಮಾಡುತ್ತಿದ್ದೆ, ಜ್ವರಕ್ಕೂ ಅದೇ, ಮಗನ ಓದಿಗೂ ಅದೇ. ಜ್ವರ ಮೊದಲು ಬರುತ್ತಿತ್ತು.

ಫೋನ್‌ಪೇಗೆ ಬೇರೆಯೇ ಖಾತೆ ಜೋಡಿಸಿ ಅದರಲ್ಲಿ ವಾರದ ಖರ್ಚಿನಷ್ಟೇ ಇಡುತ್ತೇನೆ. ಇದು ಸಣ್ಣ ವಿಷಯ, ಆದರೆ ಬಹಳ ಉಪಯೋಗವಾಯಿತು.

ಇನ್ನೊಂದು ಗಂಟು ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳಿಗೆ ಇಷ್ಟು ಅಂತ ಕಟ್ಟುವ ಠೇವಣಿ. ಅದರ ಹೆಸರು ಕೇಳಿದ್ದೆ, ಆದರೆ ತಿಂಗಳಾ ತಿಂಗಳಾ ಕಟ್ಟುವುದು ನೌಕರಿಯವರ ಮಾತು ಅಂತ ದೂರವೇ ಇದ್ದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ತಪ್ಪಿದರೆ ಖಾತೆಯೇ ನಿಂತುಹೋಗುತ್ತದೆ. ನನಗೆ ಆಗಸ್ಟ್, ಸೆಪ್ಟೆಂಬರ್ ತಪ್ಪುವುದು ಖಂಡಿತ. ಇದನ್ನೇ ಕೌಂಟರಿನಲ್ಲಿದ್ದವರಿಗೆ ಹೇಳಿದೆ. ಅವರು ಚಷ್ಮಾ ತೆಗೆದು ನನ್ನನ್ನು ನೋಡಿದರು.

“ತಿಂಗಳಾ ತಿಂಗಳಾ ಬರಬೇಕಂತ ಏನಿಲ್ಲಪ್ಪ. ರೊಕ್ಕ ಇದ್ದಾಗ ಆರು ತಿಂಗಳದ್ದು ಒಮ್ಮೆಗೇ ಕಟ್ಟು. ಸ್ವಲ್ಪ ಕಡಿಮೀನೂ ಆಗತೈತಿ.”

ನನ್ನ ವರ್ಷಕ್ಕೆ ಹೊಂದುವ ಮಾತನ್ನು ಮೊದಲ ಸಲ ಕೇಳಿದ್ದೆ. ಆರು ತಿಂಗಳ ಕಂತು ಮುಂಗಡ ಕಟ್ಟಿದರೆ ನೂರು ರೂಪಾಯಿಯ ಕಂತಿಗೆ 10 ರೂಪಾಯಿ ಬಿಡುತ್ತಾರೆ, ಹನ್ನೆರಡು ತಿಂಗಳದ್ದಾದರೆ 40. ಸಾಲ ತೀರಿದ ಮರುತಿಂಗಳು, 2024ರ ಡಿಸೆಂಬರಿನಲ್ಲಿ, ತಿಂಗಳಿಗೆ ಸಾವಿರದಂತೆ ಖಾತೆ ತೆರೆದು 6,000ದ ಬದಲು 5,900 ಕಟ್ಟಿದೆ. 2025ರ ಜೂನಿನಲ್ಲಿ ಬೇಸಿಗೆ ಸುಗ್ಗಿಯ ರೊಕ್ಕದಲ್ಲಿ ಮತ್ತೆ 5,900. ಬಡ್ಡಿ ವರ್ಷಕ್ಕೆ ನೂರಕ್ಕೆ 6.7. ಐದು ವರ್ಷ ಪೂರ್ತಿ ಕಟ್ಟಿದರೆ 60,000ಕ್ಕೆ 71,366 ಬರುತ್ತದೆ. ಅದು 2029ರ ಡಿಸೆಂಬರಿಗೆ, ಆಗ ಮಗ ಕಾಲೇಜಿನಲ್ಲಿರುತ್ತಾನೆ. ಮಗಳ ಹೆಸರಿನಲ್ಲಿ ಹೆಂಡತಿ ಸುಕನ್ಯಾ ಸಮೃದ್ಧಿ ಮಾಡಿಸಿದ್ದಾಳೆ. ಅದಕ್ಕೆ ಕಂತಿನ ಹಂಗೇ ಇಲ್ಲ, ವರ್ಷಕ್ಕೆ 250 ಬಿದ್ದರೂ ಖಾತೆ ಜೀವಂತ. ಗೃಹಲಕ್ಷ್ಮಿಯ 2,000 ಬಂದಾಗಲೆಲ್ಲ ಅವಳು ಅದರಲ್ಲಿ ಅರ್ಧ ಅಲ್ಲಿಗೆ ಹಾಕುತ್ತಾಳೆ. ಅದು ಅವಳ ಲೆಕ್ಕ, ನಾನು ಕೈ ಹಾಕುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಬೆಳಿಗ್ಗೆ ಮಿಲ್ಲಿನಲ್ಲಿ ಯಾರಿಗೂ ಮಾತಿಲ್ಲ. ನೀರು ಹೋದರೆ ಭತ್ತವಿಲ್ಲ, ಭತ್ತವಿಲ್ಲದಿದ್ದರೆ ಚೀಲವಿಲ್ಲ. ಆ ವಾರ ನಮ್ಮ ಗುಂಪಿನ ಏಳು ಜನ ಮೇಸ್ತ್ರಿಯ ಹತ್ತಿರ ಮುಂಗಡ ತಗೊಂಡರು. ನನಗೂ ಕೈ ಚಾಚುವ ಮನಸ್ಸಾಯಿತು, ಸುಳ್ಳು ಹೇಳಲಾರೆ. ಆದರೆ ಅಂಗಡಿಯ ಬಾಕಿ ಇರಲಿಲ್ಲ, ಪಿಗ್ಮಿಯಲ್ಲಿ 6,000 ಇತ್ತು. ತಡೆದುಕೊಂಡೆ. ವಾರದೊಳಗೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಗೇಟು ಕೂರಿಸಿ ನೀರು ತಡೆದರು, ಆಮೇಲೆ ಮಳೆಯೂ ಬಂದು ಎರಡೂ ಬೆಳೆ ಆದವು. ಮುಂಗಡ ತಗೊಂಡವರಿಗೆ ಮಾತ್ರ ಸುಗ್ಗಿಯ ಕೂಲಿಯಲ್ಲಿ ಫೆಬ್ರವರಿ ತನಕ ಮುರಿದುಕೊಂಡರು. ಅವರನ್ನು ದೂರುತ್ತಿಲ್ಲ. ಅದರಲ್ಲಿ ಇಬ್ಬರ ಮನೆಯಲ್ಲಿ ಹೆಣ್ಣುಮಕ್ಕಳು ಸಂಘದ ಸಾಲದ ವಾರದ ಕಂತು ಕಟ್ಟಬೇಕಿತ್ತು. ಕಂತಿಗೆ ಸುಗ್ಗಿ, ಬಿಡುವು ಎರಡೂ ಒಂದೇ. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಒಳ್ಳೆಯದಾಯಿತು. ಆದರೆ ವಾರದ ಕಂತೆಂಬ ಆ ಕಟ್ಟುಪಾಡೇ ನಮ್ಮ ದುಡಿಮೆಗೆ ಹೊಂದುವುದಿಲ್ಲ. ಸುಗ್ಗಿಯಲ್ಲಿ ಹೆಚ್ಚು, ಬಿಡುವಿನಲ್ಲಿ ಕಡಿಮೆ ಕಟ್ಟುವ ಸಾಲ ನಮಗೆ ಬೇಕು.

ಈ ಸಲದ್ದು ಅದಕ್ಕಿಂತ ಗಟ್ಟಿ ಪರೀಕ್ಷೆ. ಡ್ಯಾಮಿನ 33 ಗೇಟುಗಳನ್ನೂ ಹೊಸದಾಗಿ ಕೂರಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಅಂತ 2025ರ ಕೊನೆಗೇ ಗೊತ್ತಾಯಿತು. ಗೇಟು ಗಟ್ಟಿಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಎರಡು ಸುಗ್ಗಿಯಲ್ಲಿ ಒಂದು ಹೋಯಿತು. ಡಿಸೆಂಬರಿನಲ್ಲಿ ಕೈತುಂಬ ಕೆಲಸವಿದ್ದಾಗಲೇ 11,600 ಒಯ್ದು ಹನ್ನೆರಡು ತಿಂಗಳ ಆರ್‌ಡಿ ಒಮ್ಮೆಗೇ ಕಟ್ಟಿಬಿಟ್ಟೆ. ಆ ಸುಗ್ಗಿಯಲ್ಲಿ ಮಕ್ಕಳಿಗೆ ಹೊಸ ಬಟ್ಟೆ ತರಲಿಲ್ಲ. ಮಗಳು ಎರಡು ದಿನ ಮುನಿಸಿಕೊಂಡಿದ್ದಳು, ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ವರ್ಷಕ್ಕೆ 12,000 ಅಂದರೆ ನನ್ನ ದುಡಿಮೆಯಲ್ಲಿ ನೂರಕ್ಕೆ ಏಳು. ನೂರಕ್ಕೆ ಇಪ್ಪತ್ತು ಉಳಿಸಿ ಅನ್ನುವವರು 75 ಕಿಲೋ ಚೀಲದ ಕೂಲಿಯಲ್ಲಿ ಒಂದು ವರ್ಷ ಮನೆ ನಡೆಸಿ ನೋಡಲಿ. ನೂರಕ್ಕೆ ಏಳು ಮುಟ್ಟಲು ನನಗೆ ಮೂರು ವರ್ಷ ಹಿಡಿಯಿತು, ಅದರಲ್ಲಿ ಎರಡು ವರ್ಷ ಬರೀ ಸಾಲದ ಬಾಯಿ ಮುಚ್ಚುವುದಕ್ಕೆ. ಈ ಬೆನ್ನು ಇನ್ನೆಷ್ಟು ವರ್ಷ ಚೀಲ ಹೊರುತ್ತದೋ ಅನ್ನುವ ಚಿಂತೆ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದಕ್ಕೆಂದೇ ಮೇ ತಿಂಗಳು ಮುಗಿಯುವ ಮೊದಲು ಇಬ್ಬರ ಬ್ಯಾಂಕ್ ಖಾತೆಯಲ್ಲೂ 456 ರೂಪಾಯಿ ಇರುವಂತೆ ನೋಡಿಕೊಳ್ಳುತ್ತೇನೆ. ಜೀವನ್ ಜ್ಯೋತಿ ವಿಮೆಗೆ 436, ಸುರಕ್ಷಾ ಅಪಘಾತ ವಿಮೆಗೆ 20. ಒಂದು ವರ್ಷ ಖಾತೆಯಲ್ಲಿ ರೊಕ್ಕ ಸಾಲದೆ ಎರಡೂ ತಪ್ಪಿಹೋಗಿದ್ದವು.

ಈಗ ಮಿಲ್ಲು ವಾರಕ್ಕೆ ಎರಡು ದಿನ ನಡೆಯುತ್ತಿದೆ. ಪಿಗ್ಮಿಯಲ್ಲಿ 9,100 ಇತ್ತು, ವಾರಕ್ಕೆ 700ರಂತೆ ತೆಗೆದರೆ ಹದಿಮೂರು ವಾರ ಬರುತ್ತದೆ. ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟರೆ ಹೆಂಡತಿಗೆ ನಾಟಿ ಕೆಲಸ ಶುರುವಾಗುತ್ತದೆ. ಮೊನ್ನೆ ಶನಿವಾರ ಐದನೇ ವಾರದ್ದು ತೆಗೆದೆವು.