ಗುಳ್ಳದ ಸೊರಗಿಗೆ ತೌಡು, ನೀರು, ಪ್ಲಾಸ್ಟಿಕ್ ಹೊದಿಕೆ

ಬೆಳಿಗ್ಗೆ ನೆಟ್ಟಗಿದ್ದ ಗುಳ್ಳದ (ಉಡುಪಿ ಕಡೆಯ ದುಂಡು ಬದನೆಯ) ಗಿಡ ಮಧ್ಯಾಹ್ನಕ್ಕೆ ಎಲೆ ಹಸಿರಿರುವಾಗಲೇ ಜೋತುಬಿದ್ದರೆ ಮೊದಲು ಒಂದು ಗಾಜಿನ ಲೋಟ ತನ್ನಿ. ಬುಡದ ಕಾಂಡವನ್ನು ಎರಡು ಇಂಚು ಕತ್ತರಿಸಿ ತಿಳಿನೀರಿನಲ್ಲಿ ತೂಗುಬಿಡಿ. ಐದು ಹತ್ತು ನಿಮಿಷದಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನಂಥ ಎಳೆ ಇಳಿದರೆ ಅದು ರಾಲ್ಸ್ಟೋನಿಯಾ ಬ್ಯಾಕ್ಟೀರಿಯಾದ ಸೊರಗು ರೋಗ. ಎಳೆ ಇಳಿಯದಿದ್ದರೆ ಕಾರಣ ಬೇರೆ ಇರಬಹುದು. ಗಿಡವನ್ನು ಬೇರುಸಹಿತ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಸೊರಗಿದ ಗಿಡ ಬದುಕುವುದಿಲ್ಲ. ಆದರೆ ಆ ಮಣ್ಣನ್ನು ಮುಂದಿನ ಬೆಳೆಗೆ ಸರಿಪಡಿಸಬಹುದು. ಜಪಾನ್ ಮತ್ತು ನೆದರ್ಲೆಂಡ್ಸ್‌ನಲ್ಲಿ 2000ದ ಆಸುಪಾಸಿನಲ್ಲಿ ರೂಪುಗೊಂಡ, ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲಗಳಲ್ಲಿ ಬೆಳೆದ ಈ ವಿಧಾನಕ್ಕೆ ವಿಷಾನಿಲ ಬೇಡ. ಮಣ್ಣಿನ ಜೀವಿಗಳಿಗೆ ಹೊಟ್ಟೆತುಂಬ ತೌಡು ತಿನ್ನಿಸಿ, ನೀರು ತುಂಬಿಸಿ, ಪ್ಲಾಸ್ಟಿಕ್ ಹೊದಿಸಿ ಗಾಳಿಯ ದಾರಿ ಮುಚ್ಚಬೇಕು. ಮೂರೂ ಒಂದೇ ದಿನ ಆಗಬೇಕು.

ಒಳಗೆ ನಡೆಯುವುದು ಇಷ್ಟು. ತೌಡು ಸಿಕ್ಕಿದ ಕೂಡಲೇ ಆಮ್ಲಜನಕ ಬಳಸುವ ಸೂಕ್ಷ್ಮಜೀವಿಗಳು ಹೆಚ್ಚಿ, ಒಂದೆರಡು ದಿನದಲ್ಲೇ ಇದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಆಮೇಲೆ ಗಾಳಿಯಿಲ್ಲದೆ ಬದುಕುವ ಕ್ಲೋಸ್ಟ್ರಿಡಿಯಂ ಜಾತಿಯವು ಮೇಲುಗೈ ಪಡೆದು ಅಸಿಟಿಕ್, ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನೂ ಗಂಧಕದ ಅನಿಲಗಳನ್ನೂ ಬಿಡುತ್ತವೆ. ರೋಗಾಣು ಸಾಯುವುದು ಈ ಆಮ್ಲ, ಅನಿಲ ಮತ್ತು ಉಸಿರುಕಟ್ಟಿನ ಒಟ್ಟು ಏಟಿಗೆ. ನಮ್ಮ ಕರಾವಳಿಯ ಹುಳಿಮಣ್ಣು ಇಲ್ಲಿ ವರವಾಗುತ್ತದೆ: ಪಿಎಚ್ ಕಡಿಮೆ, ಅಂದರೆ ಹುಳಿ ಹೆಚ್ಚು ಇದ್ದಷ್ಟೂ ಈ ಆಮ್ಲಗಳು ರೋಗಾಣುವಿನ ಕೋಶದೊಳಕ್ಕೆ ಸುಲಭವಾಗಿ ನುಗ್ಗುತ್ತವೆ. ಆದ್ದರಿಂದ ಸುಣ್ಣ ಹಾಕುವುದಿದ್ದರೆ ಹೊದಿಕೆ ತೆಗೆದ ಮೇಲೆಯೇ ಹಾಕಿ.

ಏಣೆಲು (ಮಳೆಗಾಲದ) ಭತ್ತಕ್ಕೆ ಮೂರು ತಿಂಗಳು ನೀರು ನಿಂತ ಗದ್ದೆಗೆ ಮತ್ತೆ ಇದೇಕೆ ಎಂದು ಕೇಳಬಹುದು. ಮಳೆಯ ಹೊಸನೀರು ಆಮ್ಲಜನಕ ತರುತ್ತಲೇ ಇರುತ್ತದೆ, ಭತ್ತದ ಬೇರೂ ತನ್ನ ಸುತ್ತ ಅದನ್ನು ಸೋರಿಸುತ್ತದೆ. ಬೇಗ ಹುಳಿಯುವ ಆಹಾರವೂ ಅಲ್ಲಿ ಸಾಲದು. ಹಾಗಾಗಿ ಆಮ್ಲ ಕಟ್ಟುವುದಿಲ್ಲ.

ಒಂದು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಏರುಮಡಿಗೆ 20 ಕಿಲೋ ತೌಡು ಬೇಕು, ಅಂದರೆ ಚದರ ಮೀಟರಿಗೆ 2 ಕಿಲೋ. ಒಂದು ಸೆಂಟ್ಸಿಗೆ (ಸುಮಾರು 40 ಚದರ ಮೀಟರ್) 80 ಕಿಲೋ ಆಗುತ್ತದೆ. ದನದ ಬಾಯಿಯ ಮೇವು ಅದು, ದುಬಾರಿ. ಇಡೀ ಗದ್ದೆಗೆ ಬೇಡ, ಸೊರಗು ಕಂಡ ಮಡಿಗಳಿಗೂ ಸಸಿಮಡಿಗೂ ಸಾಕು. ಕುಚ್ಚಲಕ್ಕಿ ಮಿಲ್ಲಿನಲ್ಲಿ ಕೇಳುವಾಗ ಉಮಿ ಬೆರೆಯದ ತೌಡೇ ಬೇಕೆಂದು ಹೇಳಿ. ಹಳೆಯ ಹಲ್ಲರ್ ಮಿಲ್ಲಿನ ತೌಡಿನಲ್ಲಿ ಉಮಿಯ ಪುಡಿ ಇದ್ದೇ ಇರುತ್ತದೆ, ಅದು ಮೂರು ವಾರದಲ್ಲಿ ಕೊಳೆಯುವ ವಸ್ತುವಲ್ಲ. ಕಾಕಂಬಿ (ಸಕ್ಕರೆ ಕಾರ್ಖಾನೆಯ ಕಪ್ಪು ಪಾಕ) ಸಿಕ್ಕರೆ 10 ಕಿಲೋ ತೌಡು, 10 ಕಿಲೋ ಕಾಕಂಬಿ ಮಾಡಿ. ಕಾಕಂಬಿ ನೀರಿನೊಡನೆ ಆಳಕ್ಕಿಳಿಯುತ್ತದೆ, ತೌಡು ಬೆರೆಸಿದಲ್ಲೇ ನಿಲ್ಲುತ್ತದೆ. ತರಗೆಲೆ, ಹಳೆಯ ಕಾಂಪೋಸ್ಟ್ ಪ್ರಯೋಜನಕ್ಕಿಲ್ಲ. ಗೇರುಹಣ್ಣಿನಲ್ಲಿ ಸಕ್ಕರೆ ಇದ್ದರೂ ನೂರಕ್ಕೆ 85 ಪಾಲಿನಷ್ಟು ನೀರೇ, ತೌಡಿನ ತೂಕಕ್ಕೆ ಸಮವೆಂದು ಲೆಕ್ಕ ಹಾಕಬೇಡಿ.

ಹಳೆಯ ಬೇರು, ಕೂಳೆ ಕಿತ್ತು, ಹೆಂಟೆ ಒಡೆದು, ತೌಡನ್ನು 15ರಿಂದ 20 ಸೆಂಟಿಮೀಟರ್ ಆಳದವರೆಗೆ ಸಮನಾಗಿ ಬೆರೆಸಿ. ಗುಡ್ಡೆಯಾದರೆ ಒಂದೆಡೆ ಹುಳಿ, ಇನ್ನೊಂದೆಡೆ ರೋಗ ಹಾಗೇ ಉಳಿಯುತ್ತದೆ. ಮಡಿಯ ಮೇಲೆ ಡ್ರಿಪ್ ಪೈಪು ಎಳೆದು, ತೂತಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಅಂಚನ್ನು ಗೇಣು ಆಳದ ಚರಂಡಿಯಲ್ಲಿ ಹೂತು ಮಣ್ಣು ತುಳಿಯಿರಿ. ತರಕಾರಿಗೆ ಹಾಸುವ ತೆಳು ಮಲ್ಚಿಂಗ್ ಹಾಳೆ ಇದಕ್ಕಾಗದು, ಕಾಗೆ ಕುಕ್ಕಿದರೂ ಹರಿಯುತ್ತದೆ. ಬಳಿಕ ಹತ್ತು ಚದರ ಮೀಟರಿಗೆ ಸುಮಾರು 500 ಲೀಟರ್ ನೀರು ಬಿಡಿ. ಕಡಲ ಬದಿಯ ಮರಳುಮಣ್ಣು ಎರಡು ಮೂರು ದಿನದಲ್ಲಿ ಬಸಿದು ಗಾಳಿ ಎಳೆದುಕೊಳ್ಳುತ್ತದೆ. ಅಲ್ಲಿ ಹೊದಿಕೆಯಡಿಯ ಪೈಪಿನಿಂದಲೇ ಮತ್ತೆ ಮತ್ತೆ ನೀರು ಕೊಡಬೇಕು. ಉಪ್ಪುನೀರು ಬೇಡ.

ಐದಾರು ದಿನಕ್ಕೆ ಅಂಚಿನ ಬಳಿ ಮೂಗು ಒಡ್ಡಿದರೆ ಕಮಟು ಬೆಣ್ಣೆಯಂಥ, ಚರಂಡಿಯಂಥ ವಾಸನೆ ಬರಬೇಕು. ಬಾರದಿದ್ದರೆ ಎಲ್ಲೋ ಹರಿದಿದೆ ಅಥವಾ ನೀರು ಸಾಲದು. ಮಣ್ಣು 30 ಡಿಗ್ರಿಗಿಂತ ಬಿಸಿಯಿದ್ದರೆ ಮೂರು ವಾರ ಸಾಕು. ಮಣ್ಣು ತಂಪಾಗಿದ್ದರೆ ಇನ್ನೂ ಒಂದೆರಡು ವಾರ ಬಿಡಿ: ತಂಪಿನಲ್ಲಿ, ಸೊರಗು ತರುವ ಇನ್ನೊಂದು ರೋಗಾಣುವಾದ ಫ್ಯುಸೇರಿಯಂ ಶಿಲೀಂಧ್ರ ಸಾಯದೆ ಅದೇ ತೌಡು ತಿಂದು ಹೆಚ್ಚಿದ್ದೂ ಉಂಟು. ಬೆಟ್ಟುಗದ್ದೆಯ (ಎತ್ತರದ, ನೀರು ನಿಲ್ಲದ ಗದ್ದೆಯ) ಮಳೆಗಾಲದ ತರಕಾರಿಗೆ ಏಪ್ರಿಲ್‌ನಲ್ಲಿ ಮುಚ್ಚಿ ಮೇ ಕೊನೆಯ ಪತ್ತನಾಜೆಗೆ ಮೊದಲು ತೆಗೆಯುವುದು ಒಳ್ಳೆಯದು. ಗುಳ್ಳಕ್ಕಾದರೆ ಏಣೆಲು ಕೊಯ್ಲಾದ ತಕ್ಷಣ ಮುಚ್ಚಿ, ಅದೇ ದಿನ ಬೇರೆಡೆ ಬೀಜ ಬಿತ್ತಿ. ತಿಂಗಳಿಗೆ ಮಡಿಯೂ ಸಸಿಯೂ ಒಟ್ಟಿಗೆ ಸಿದ್ಧವಾಗುತ್ತವೆ.

ಹೊದಿಕೆ ತೆಗೆದ ದಿನವೇ ನೆಟ್ಟರೆ ಉಳಿದ ಆಮ್ಲ ಎಳೆಬೇರನ್ನು ಸುಡುತ್ತದೆ. ಮೇಲುಮಣ್ಣನ್ನು ಮಾತ್ರ ಸಡಿಲಿಸಿ, ಆಳದ ಸೋಂಕಿನ ಮಣ್ಣನ್ನು ಮೇಲೆತ್ತದೆ, ಏಳರಿಂದ ಹತ್ತು ದಿನ ಗಾಳಿಯಾಡಲು ಬಿಡಿ. ಆಮೇಲೆ ಒಂದು ಚಟ್ಟಿ ಮಣ್ಣಿನಲ್ಲಿ ಸಾಸಿವೆ ಬಿತ್ತಿ ನೋಡಿ. ಚೆನ್ನಾಗಿ ಮೊಳೆತರೆ ನೆಡಬಹುದು. ಅಷ್ಟು ತೌಡಿನಲ್ಲಿ ಚದರ ಮೀಟರಿಗೆ 40 ಗ್ರಾಂನಷ್ಟು ಸಾರಜನಕ ಇರುವುದರಿಂದ ಬುಡಕ್ಕೆ ಯೂರಿಯಾ ಬೇಡ.

ಕೊನ್ನಾರಿ ಗಡ್ಡೆಯ ಕಳೆ ಇದಕ್ಕೆ ಪೂರ್ತಿ ಬಗ್ಗುವುದಿಲ್ಲ, ಕೈಯಲ್ಲೇ ಕೀಳಬೇಕು. ಬೆಳೆಯಿರುವ ಅಡಿಕೆ, ಮಲ್ಲಿಗೆ ತೋಟಕ್ಕೆ ಈ ವಿಧಾನ ಸಲ್ಲ, ಬೆಳೆಯ ಬೇರು ಕೊಳೆಯುತ್ತದೆ. ಇನ್ನು ಸೊರಗು ಮರಳುವುದು ಹೆಚ್ಚಾಗಿ ಹೊರಗಿನಿಂದ: ಪಕ್ಕದ ರೋಗದ ಮಡಿಯಿಂದ ಹರಿದ ನೀರು, ತೊಳೆಯದ ಹಾರೆ, ಸೋಂಕಿನ ಸಸಿ. ಶುದ್ಧಿ ಮಾಡಿದ ಮಡಿಗೆ ಬೇರೆ ಕಾಲುವೆ ತೆಗೆಯಿರಿ, ಅಲ್ಲಿಯ ಕೆಲಸವನ್ನು ದಿನದ ಮೊದಲಿಗೇ ಮುಗಿಸಿ ಆಮೇಲೆ ಉಳಿದ ಮಡಿಗಿಳಿಯಿರಿ.