ನೋಟರಿ ಆಗಿ ಅನುವಾದದ ಕೆಲಸ ಹಿಡಿದಿದ್ದು ಹೀಗೆ

ನೋಟರಿ ಅಂದ್ರೆ ಜನರ ಕಾಗದಪತ್ರ ನೋಡಿ ಸೈನು, ಸೀಲು ಹಾಕಿ ದೃಢೀಕರಿಸೋ ವಕೀಲರು. ಅದಾಗೋಕೆ ಯಾವ ಎಕ್ಸಾಮ್ ಬರೀಬೇಕು ಮೇಡಂ ಅಂತ ಜೂನಿಯರ್‌ಗಳು ಕೇಳ್ತಾನೇ ಇರ್ತಾರೆ. ನಾನು ಯಾವ ಎಕ್ಸಾಮೂ ಬರೀಲಿಲ್ಲ. 1956ರ ನೋಟರಿ ರೂಲ್ಸ್ ಪ್ರಕಾರ ವಕೀಲರಾಗಿ 10 ವರ್ಷ ಪ್ರಾಕ್ಟೀಸ್ ಆಗಿರ್ಬೇಕು, ಹೆಂಗಸರಿಗೆ ಮತ್ತೆ ಎಸ್‌ಸಿ, ಎಸ್‌ಟಿ, ಒಬಿಸಿಯವ್ರಿಗೆ 7 ವರ್ಷ ಸಾಕು. ನಾನು ಎಂಟನೇ ವರ್ಷದಲ್ಲಿ ಅರ್ಜಿ ಹಾಕ್ದೆ. ಆ ಅರ್ಜಿಗೆ ಮೆಮೋರಿಯಲ್ ಅಂತಾರೆ, ಅದಕ್ಕೆ ನನ್ನ ಸೈನ್ ಒಂದೇ ಸಾಲ್ದು, ಒಬ್ರು ಮ್ಯಾಜಿಸ್ಟ್ರೇಟು, ರಾಷ್ಟ್ರೀಕೃತ ಬ್ಯಾಂಕ್ ಮ್ಯಾನೇಜರ್ರು, ಒಬ್ರು ವ್ಯಾಪಾರಿ, ಊರಲ್ಲಿ ಹೆಸರಿರೋ ಇಬ್ರು, ಇಷ್ಟು ಜನ ಸೈನ್ ಹಾಕ್ಬೇಕಿತ್ತು. ವ್ಯಾಪಾರಿ ಅಂದಾಗ ನಮ್ಮನೆಗೆ ದಿನಸಿ ಕೊಡ್ತಿದ್ದ ಅಂಗಡಿಯವ್ರ ಹತ್ರ ಹೋದೆ, ಅವ್ರು ಗಿರಾಕಿಗಳನ್ನೆಲ್ಲ ನಿಲ್ಲಿಸಿ, ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ ಆಮೇಲೆ ಸೈನ್ ಮಾಡಿದ್ರು. ಅವತ್ತು ಅವ್ರ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಹಾಗೇ ಇದೆ.

ಕೆಲಸ ಕಲ್ತಿದ್ದು ಮಾತ್ರ ಸೀನಿಯರ್ ಟೇಬಲ್ ಪಕ್ಕ ಕೂತು. ಅವ್ರೂ ನೋಟರಿ. ಬಂದವ್ರಿಗೆ ಓದಿ ಹೇಳ್ತಿರ್ಲಿಲ್ಲ, "ಇದ್ರಲ್ಲಿ ಏನ್ ಬರ್ದಿದೆ ನೀವೇ ಹೇಳಿ" ಅಂತ ಕೇಳೋರು, ಹೇಳೋಕೆ ಬರ್ಲಿಲ್ಲ ಅಂದ್ರೆ ಪೇಪರ್ ವಾಪಸ್. ಎಷ್ಟು ಜನ ತಮ್ಮದೇ ಅಫಿಡವಿಟ್ ಓದ್ದೆ ಬರ್ತಾರೆ ಅನ್ನೋದು ಅಲ್ಲೇ ಗೊತ್ತಾಗಿದ್ದು.

ಸರ್ಟಿಫಿಕೇಟ್ ಬಂತು, 5 ವರ್ಷಕ್ಕೆ. ಸೀಲು ದುಂಡಗೆ 5 ಸೆಂಟಿಮೀಟರ್, ರಿಜಿಸ್ಟರ್ ದಿನಾ ಬರೀಬೇಕು, ಜನವರಿ ಮೊದಲನೇ ವಾರದಲ್ಲಿ ವರ್ಷದ ಲೆಕ್ಕ ಸರ್ಕಾರಕ್ಕೆ ಕಳಿಸ್ಬೇಕು.

ಅನುವಾದಕ್ಕೆ ಬಂದಿದ್ದು ಆಮೇಲೆ. 1952ರ ನೋಟರಿ ಆಕ್ಟ್ 8ನೇ ಸೆಕ್ಷನ್‌ನಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದ ಮಾಡೋದು, ಅದನ್ನ ತಾಳೆ ನೋಡಿ ದೃಢೀಕರಿಸೋದು ಕೂಡ ನೋಟರಿ ಕೆಲಸ ಅಂತ ಇದೆ, ಆದ್ರೆ ನಮ್ಮ ಕಡೆ ಅದನ್ನ ಮನಸ್ಸಿಟ್ಟು ಮಾಡೋರು ನನಗೆ ಸಿಗ್ಲಿಲ್ಲ. ಒಂದ್ಸಲ ಒಬ್ಬ ಹುಡುಗಿ ಅಜ್ಜಿಯ ಹಳೇ ಕ್ರಯಪತ್ರದ ಇಂಗ್ಲಿಷ್ ಕಾಪಿ ತಂದ್ಳು, ಬೇರೆ ಎಲ್ಲೋ ಮಾಡ್ಸಿದ್ದು, ಹೊರದೇಶದಿಂದ ವಾಪಸ್ ಬಂದಿತ್ತು. ನೋಡಿದ್ರೆ ಅಜ್ಜಿ ಹೆಸರಿನ ಮುಂದಿನ "ಕೋಂ" ಅನ್ನೋದನ್ನ ಅಜ್ಜಿಯ ಹೆಸರಿಗೇ ಸೇರಿಸಿಬಿಟ್ಟಿದ್ರು! ಕೋಂ ಅಂದ್ರೆ ಇಂಥವ್ರ ಹೆಂಡ್ತಿ, ಬಿನ್ ಅಂದ್ರೆ ಇಂಥವ್ರ ಮಗ, ನಮಗೆಲ್ಲ ಗೊತ್ತು, ಆದ್ರೆ ಅಲ್ಲಿ ಕೂತು ಓದೋರಿಗೆ ಹೇಗೆ ಗೊತ್ತಾಗ್ಬೇಕು. ಅವತ್ತಿಂದ ಒಂದು ನೋಟ್‌ಬುಕ್ ಇಟ್ಟೆ. ಚಕ್ಕುಬಂದಿ ಅಂದ್ರೆ ಜಮೀನಿನ ನಾಲ್ಕೂ ಕಡೆಯ ಗಡಿ, ಖರಾಬು ಅಂದ್ರೆ ಸಾಗುವಳಿಗೆ ಬಾರದ ಜಾಗ, ಪೌತಿ ಖಾತೆ ಅಂದ್ರೆ ತೀರಿಕೊಂಡವ್ರ ಖಾತೆ ವಾರಸುದಾರರ ಹೆಸರಿಗೆ ಆಗೋದು, 40 ಗುಂಟೆಗೆ ಒಂದು ಎಕರೆ, ಇಂಥವೆಲ್ಲ. ಕನ್ನಡದ ಪದ ಹಾಗೇ ಉಳಿಸಿ ಪಕ್ಕದಲ್ಲಿ ಅರ್ಥ ಬರೀತೀನಿ. ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟ್ ನೋಡಿ ಹಾಕ್ತೀನಿ, ಆದ್ರೆ ಕನ್ನಡದಲ್ಲೇ ಹೆಸರು ಬೇರೆ ಇದ್ರೆ ಇದ್ದ ಹಾಗೇ ಬರೀತೀನಿ, ಅದನ್ನ ಸರಿ ಮಾಡೋ ಅಧಿಕಾರ ನನಗಿಲ್ಲ.

"ಒಂದು ಸೀಲ್ ಹಾಕ್ಕೊಡಿ ಸಾಕು ಮೇಡಂ, ಅಪ್ಪ ಬರೋ ಸ್ಥಿತೀಲಿಲ್ಲ" ಅಂತ ಕೇಳೋರು ಈಗ್ಲೂ ಬರ್ತಾರೆ. ಹೋದ ವರ್ಷ ಹೀಗೇ ಒಬ್ರು, ಅಪ್ಪನ ಪರವಾಗಿ ವ್ಯವಹಾರ ಮಾಡೋಕೆ ಅಧಿಕಾರ ಕೊಡೋ ಪವರ್ ಆಫ್ ಅಟಾರ್ನಿ ಪತ್ರ ತಂದಾಗ ರಿಜಿಸ್ಟರ್ ಎತ್ಕೊಂಡು ಅವ್ರ ಮನೆಗೇ ಹೋದೆ. ಅಪ್ಪ ಹಾಸಿಗೆ ಹಿಡಿದಿದ್ರು, ಬುದ್ಧಿ ಮಾತ್ರ ಚುರುಕಾಗಿತ್ತು. ಸೀನಿಯರ್ ಕೇಳ್ತಿದ್ದ ಪ್ರಶ್ನೇನೇ ಕೇಳ್ದೆ. "ಬಾಡಿಗೆ ವಸೂಲಿ ಮಾಡೋಕೆ ಕಣವ್ವ, ನನ್ ಕೈಲಿ ಓಡಾಡೋಕಾಗಲ್ಲ" ಅಂದ್ರು. ಪೇಪರಲ್ಲಿ ಮಾರೋ ಅಧಿಕಾರವೂ ಇತ್ತು. ಅದನ್ನ ಓದಿ ಹೇಳ್ದೆ, ಅವ್ರು ಮಗನ ಕಡೆ ನೋಡಿದ್ರು, ಮಗ ತಲೆ ತಗ್ಗಿಸ್ದ. ನಾನು ಸೀಲು ಬ್ಯಾಗಿಂದ ತೆಗೀಲಿಲ್ಲ. ಹತ್ತು ದಿನ ಬಿಟ್ಟು ಬಾಡಿಗೆಗೆ ಮಾತ್ರ ಅಂತ ಬೇರೆ ಡ್ರಾಫ್ಟ್ ಬಂತು, ಮತ್ತೆ ಅಲ್ಲಿಗೇ ಹೋಗಿ ಅವ್ರ ಹೆಬ್ಬೆಟ್ಟು ರಿಜಿಸ್ಟರಲ್ಲಿ ಒತ್ತಿಸ್ಕೊಂಡು ಬಂದೆ.